ಸೂಜಿ ಇಲ್ಲದ ವೇಷ

"ಈ ಕೆಂಪು ಹೊಲಿಗೆ ಯಾರದು, ಚಿಕ್ಕಮ್ಮ?"

ಇನ್ಸ್‌ಪೆಕ್ಟರ್ ಸ್ತಾಮೆನ್ ಕುರಿತೊಗಲಿನ ಆ ಪುಟ್ಟ ವೇಷವನ್ನು ಅಡುಗೆಮನೆಯ ಮೇಜಿನ ಮೇಲೆ ಒಳಮಗ್ಗುಲು ಮೇಲಾಗುವಂತೆ ತಿರುವಿ ಹಾಕಿದ್ದ. ಎಡತೊಡೆಯ ಜಾಗದಲ್ಲಿ ಚಾಕುವಿನಿಂದ ಸೀಳಿದ ಗುರುತು. ಸೀಳಿನ ಎರಡೂ ಅಂಚಿಗೆ ಕೆಂಪು ಉಣ್ಣೆದಾರದ ತುಂಡುಗಳು ಇನ್ನೂ ಅಂಟಿಕೊಂಡಿದ್ದವು.

ರುಸ್ಕಾ ಅಜ್ಜಿ ಒಲೆಯ ಬಾಯಿಗೆ ಇನ್ನೊಂದು ಸೌದೆ ತುರುಕಿದಳು. ಒಲೆ ಆಗಲೇ ಕೆಂಪಗೆ ಕಾದಿತ್ತು, ಸೌದೆ ಬೇಕಿರಲಿಲ್ಲ.

"ವೇಷ ಅಂದ್ಮೇಲೆ ಹೊಲಿಗೆ ಇರುತ್ತಪ್ಪ. ನಿಮ್ಮೂರಲ್ಲಿ ಅಂಟು ಹಚ್ಚಿ ಹಾಕ್ಕೋತಾರೇನೋ, ನಂಗೊತ್ತಿಲ್ಲ."

"ನಮ್ಮೂರಲ್ಲೂ ಹೊಲೀತಾರೆ. ಆದ್ರೆ ಬಾಗಿಲು ಇಟ್ಟು, ಅದೇ ಬಾಗಿಲಿಗೆ ಗೋಡೆ ಕಟ್ಟಲ್ಲ."

ಅಜ್ಜಿ ಲಿಂಡನ್ ಹೂವಿನ ಕಷಾಯದ ಲೋಟವನ್ನು ಅವನ ಮುಂದಿಟ್ಟು, ತಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಹೊರಗೆ ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಹಬ್ಬಕ್ಕೆ ಹೊತ್ತಿಸಿದ್ದ ಬೆಂಕಿಯ ಬೂದಿ ಹಿಮದ ಮೇಲೆ ಕಪ್ಪು ಹುಣ್ಣಿನಂತೆ ಹರಡಿತ್ತು. ಅದರ ಸುತ್ತ ಕಾಗೆಗಳು ಏನನ್ನೋ ಕೆದಕುತ್ತಿದ್ದವು.

ನಿನ್ನೆ ಬೆಳಿಗ್ಗೆ, ಹೊಸವರ್ಷದ ಸುರ್ವಾ ಹಬ್ಬದ ವೇಷ ತೊಟ್ಟು ಮನೆಮನೆ ತಿರುಗುತ್ತಿದ್ದ ಈ ಅಜ್ಜಿಯ ಮೊಮ್ಮಗಳು, ಏಳು ವರ್ಷದ ನೆವೆನಾ, ಮುಚ್ಚಿಹೋದ ಹಾಲಿನ ಡೇರಿಯ ಹಿಂದೆ ಉಸಿರು ಕಟ್ಟಿ ಬಿದ್ದಿದ್ದಳು. ಅಕ್ರೋಟು ಅವಳ ಮೈಗೆ ವಿಷ, ಅದು ಹೇಗೋ ಅವಳ ಬಾಯಿಗೆ ಸೇರಿತ್ತು. ಅಂಥ ಹೊತ್ತಿಗೆಂದೇ ವೇಷದೊಳಗೆ, ಒತ್ತಿದರೆ ತಾನೇ ಸೂಜಿ ಚುಚ್ಚಿ ಮದ್ದು ಬಿಡುವ ಪೆನ್ನು ಇತ್ತು. ಅದನ್ನು ತೊಡೆಗೆ ಒತ್ತಿದಾಗ ಟಿಕ್ ಎಂದು ಸದ್ದಾಯಿತೇ ಹೊರತು ಸೂಜಿ ಹೊರಬರಲಿಲ್ಲ. ಅದು ಕಲಿಕೆಯ ಪೆನ್ನು. ಹೇಗೆ ಹಿಡಿಯಬೇಕು, ಹೇಗೆ ಒತ್ತಬೇಕು ಎಂದು ಮನೆಯವರಿಗೆ ತೋರಿಸಲು ಆಸ್ಪತ್ರೆಯವರು ಕೊಡುವಂಥದ್ದು. ಅದರೊಳಗೆ ಸೂಜಿಯೂ ಇಲ್ಲ, ಮದ್ದೂ ಇಲ್ಲ.

ಮಗು ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಯಂತ್ರ ಕೊಡುವ ಉಸಿರಿನಲ್ಲಿ ಮಲಗಿತ್ತು. ನಿಜವಾದ ಪೆನ್ನು ಎಲ್ಲಿಯೂ ಸಿಕ್ಕಿರಲಿಲ್ಲ.

"ತಾಯಿಯ ಅಜಾಗರೂಕತೆ, ಅಷ್ಟೇ. ನಾಳೆ ಬೆಳಿಗ್ಗೆ ಬರ್ದು ಕೊಡಿ, ಮುಗಿಸೋಣ" ಎಂದು ಸರ್ಕಾರಿ ವಕೀಲ ಫೋನಿನಲ್ಲಿ ಹೇಳಿದ್ದ. ಮಕ್ಕಳ ಇಲಾಖೆಯ ಹೆಂಗಸು ಆಗಲೇ ಆಸ್ಪತ್ರೆಗೆ ಬಂದು ಹೋಗಿದ್ದಳು. ಮಗು ಬದುಕಿದರೂ ತಾಯಿಯ ಮಡಿಲಿಗೆ ಬರುವುದಿಲ್ಲವೆಂಬುದು ಅವಳ ಮುಖದಲ್ಲೇ ಇತ್ತು.

ಆ ತಾಯಿ ಇಸ್ಕ್ರಾ, ಗಂಡನನ್ನು ಕಳೆದುಕೊಂಡ ಮೇಲೂ ಅತ್ತೆಯ ಮನೆಯಲ್ಲೇ ಉಳಿದವಳು. ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕುಳಿತಿದ್ದ ರೀತಿ ಸ್ತಾಮೆನನಿಗೆ ಮರೆಯಲಾಗುತ್ತಿರಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಿದ್ದಳು, ಬೇರೆ ಯಾರದ್ದೋ ಕೈಗಳು ಎಂಬಂತೆ.

"ಹೊರಗಡೆ ಬೆಲ್ಟಿಗೆ ಕಟ್ಟಿದ್ರೆ ಈ ಚಳಿಗೆ ಮದ್ದು ಹೆಪ್ಪುಗಟ್ಟುತ್ತೆ. ಅದಕ್ಕೆ ಒಳಗಡೆ, ಮೈಬಿಸಿ ತಾಗೋ ಹಾಗೆ ಚೀಲ ಹೊಲಿದೆ" ಎಂದಿದ್ದಳು. "ಹೊರಗಿಂದ ಕೈ ಹಾಕೋಕೆ ತೊಡೆ ಹತ್ರ ಸೀಳು ಬಿಟ್ಟು ಟಿಚ್ ಬಟನ್ ಇಟ್ಟೆ. ಒಂದು ಸಲ ಎಳೆದ್ರೆ ಸಾಕು, ಪೆನ್ನು ಕೈಗೆ ಬರ್ಬೇಕು, ಹಾಗೆ. ಪೆನ್ನಿನ ಕಿಟಕಿಯಲ್ಲಿ ಮದ್ದು ತಿಳಿಯಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡೇ ಇಟ್ಟೆ, ಅಣ್ಣ. ನಾನು ಇಟ್ಟಿದ್ದು ನಿಜವಾದ ಪೆನ್ನೇ."

ಟಿಚ್ ಬಟನ್‌ಗಳು ಈಗಲೂ ಇದ್ದವು. ಸ್ತಾಮೆನ್ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ನೋಡಿದ. ಪುಟ್ಟ, ಹೊಳೆಯುವ ಬಟನ್‌ಗಳು. ಅವುಗಳ ಮೇಲೆಯೇ ಕೆಂಪು ದಾರ ಹಾದುಹೋಗಿತ್ತು. ಬಾಗಿಲನ್ನು ಯಾರೋ ಆಮೇಲೆ ಮುಚ್ಚಿ ಹೊಲಿದಿದ್ದರು.

ಇಸ್ಕ್ರಾಳ ಹೊಲಿಗೆ ಬಿಳಿ ನೂಲಿನದು, ಅವಸರದ್ದು. ಈ ಕೆಂಪು ಹೊಲಿಗೆಯಾದರೋ ಒಂದೊಂದೂ ಒಂದೇ ಅಳತೆ, ಇರುವೆ ಸಾಲು ಹೊರಟ ಹಾಗೆ. ಈ ಡೋಲ್ನಿ ಗ್ಲೋಗ್ ಊರಿನಲ್ಲಿ ಹಾಗೆ ಹೊಲಿಯುವ ಕೈ ಒಂದೇ ಒಂದು.

"ಚಿಕ್ಕಮ್ಮ, ನಿನ್ನ ಹೊಲಿಗೇನ ನಾನು ಕಣ್ಣು ಕಟ್ಟಿದ್ರೂ ಗುರುತಿಸ್ತೀನಿ. ನನ್ನ ಮದುವೆ ಅಂಗಿ ಹೊಲಿದೋಳು ನೀನೇ ಅಲ್ವಾ?"

"ಆ ಅಂಗಿ ಇನ್ನೂ ಇದೆಯೇನೋ?"

"ಇದೆ. ಹೊಟ್ಟೆಗೆ ಬರಲ್ಲ."

ಅವಳ ತುಟಿಯ ಮೂಲೆಯಲ್ಲಿ ನಗು ಕಾಣಿಸಿಕೊಳ್ಳಲು ಹೋಗಿ ಅಲ್ಲೇ ಸತ್ತಿತು. "ಕ್ರಿಸ್‌ಮಸ್ ದಿನ ನಮ್ಮ ನೆವೆನಾಳ ಮುಂದಿನ ಹಲ್ಲು ಬಿತ್ತು" ಎಂದಳು, ಕೇಳದ ಮಾತಿಗೆ ಉತ್ತರ ಕೊಡುವವಳಂತೆ. "ಮೇಲಿನ ಸಾಲಿಂದು. ಮಾಡಿನ ಮೇಲೆ ಎಸೆದ್ವಿ. 'ಕಾಗೆ ಕಾಗೆ, ಮೂಳೆ ಹಲ್ಲು ತಗೋ, ಕಬ್ಬಿಣದ ಹಲ್ಲು ಕೊಡು' ಅಂತ ಕೂಗಿದ್ಲು. ದಿನಾ ಕನ್ನಡಿ ನೋಡ್ಕೊಂಡು 'ಅಜ್ಜೀ, ಕಾಗೆ ಇನ್ನೂ ತಂದಿಲ್ಲ' ಅಂತಾಳೆ..."

ಅಂಗಳದಲ್ಲಿ ಹಿಮ ಕರಕರ ಎಂದಿತು. ಬಾಗಿಲು ತಟ್ಟದೆ ಒಳಗೆ ಬಂದವನು ಲ್ಯೂಬೆನ್.

ಊರಿನ ವೇಷಧಾರಿಗಳ ಮುಂದಾಳು ಅವನು. ಜೇನು ಸಾಕುವವನು, ಎತ್ತರದ ಗಟ್ಟಿ ಮೈಯವನು. ಚರ್ಚಿನಲ್ಲಿ ನೆವೆನಾಳನ್ನು ನೀರಿನಿಂದ ಎತ್ತಿ ಹೆಸರಿಟ್ಟ ಧರ್ಮತಂದೆಯೂ ಅವನೇ. ಎಡಗೈಯಲ್ಲಿ ಜೇನಿನ ಜಾಡಿ. ಬಲಗೈ ಹೆಬ್ಬೆರಳಿಗೆ ದಪ್ಪನೆಯ ಬಟ್ಟೆ ಸುತ್ತಿತ್ತು. ಬಟ್ಟೆಯಿಂದ ರಾಕಿಯಾ ಸಾರಾಯಿಯ ವಾಸನೆ ಬರುತ್ತಿತ್ತು.

"ಓಹೋ, ಸ್ತಾಮೆನಣ್ಣ! ಒಂದು ಸೂಜಿ ಹುಡುಕೋಕೆ ಸರ್ಕಾರಿ ಗಾಡಿ ಬಂದಿದೆ ಅಂತ ಊರೆಲ್ಲಾ ಮಾತು. ಕಳ್ಳರು ಬಂದಾಗ ಮಾತ್ರ ಗಾಡೀಲಿ ಪೆಟ್ರೋಲ್ ಇರಲ್ಲ, ಅಲ್ವಾ?"

"ಕೂತ್ಕೋ. ಬೆರಳಿಗೇನಾಯ್ತು?"

"ಹುಡುಗ್ರ ಸೊಂಟಕ್ಕೆ ಗಂಟೆಪಟ್ಟಿ ಬಿಗಿಯೋವಾಗ ಸಿಕ್ಕಿಹಾಕ್ಕೊಂಡಿತು. ವರ್ಷಾ ವರ್ಷಾ ಇದ್ದದ್ದೇ." ಜಾಡಿಯನ್ನು ಅಜ್ಜಿಯ ಪಕ್ಕ ಇಟ್ಟ. "ಮಗುವಿನ ಮುಖವಾಡ ತಗೊಂಡು ಹೋಗೋಣ ಅಂತ ಬಂದೆ. ಎಲ್ಲರದ್ದೂ ಕೊಟ್ಟಿಗೆಗೆ ಸೇರಿಸಿ ಆಯ್ತು. ಇದೊಂದೇ ಬಾಕಿ."

"ಅದು ನನ್ನ ಹತ್ರ ಇರುತ್ತೆ" ಎಂದ ಸ್ತಾಮೆನ್. "ನಿನ್ನೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳು."

"ಎಷ್ಟು ಸಲ ಹೇಳ್ಲಿ? ನಾನು ಬಾವಿ ಹತ್ರ ದೊಡ್ಡ ಹುಡುಗ್ರ ಗಂಟೆ ಸರಿ ಮಾಡ್ತಾ ಇದ್ದೆ. ಡೇರಿ ಹಿಂದ್ಗಡೆಯಿಂದ ಯಾರೋ ಕಿರುಚಿದ್ರು. ಓಡಿದೆ. ನಾನು ಹೋಗೋ ಹೊತ್ತಿಗೆ ಮಗುವಿಗೆ ಜ್ಞಾನವೇ ಇರಲಿಲ್ಲ. ಮುಖವಾಡ ಕಿತ್ತೆಸೆದೆ. ತುಟಿ ನೀಲಿ, ಕಣ್ಣು ಮೇಲಕ್ಕೆ. ಚಾಕು ತಗೊಂಡು ತೊಗಲು ಸೀಳಿದೆ, ಪೆನ್ನು ತೆಗೆದೆ, ಒತ್ತಿದೆ. ಟಿಕ್ ಅಂತು. ಅಷ್ಟೇ."

"ಬಾಯಲ್ಲಿ ಏನಾದ್ರೂ ಇದೆಯಾ ಅಂತ ನೋಡಿದ್ಯಾ?"

"ನೋಡೋಕೆ ಪುರುಸೊತ್ತು ಎಲ್ಲಿತ್ತು? ಮುಖ ಮುಟ್ಟಲೇ ಇಲ್ಲ. ಸೀದಾ ತೊಡೆಗೇ ಕೈ ಹಾಕಿದೆ. ಇಸ್ಕ್ರಾ ಹಾಗೇ ತಾನೆ ಹೇಳಿಕೊಟ್ಟಿದ್ದು?" ಅವನ ದನಿ ಒರಟಾಯಿತು. "ಹೇಳಿಕೊಡೋಳಿಗೆ ಸರಿಯಾದ್ದು ಇಡೋಕೆ ಬರಲಿಲ್ಲ. ಇನ್ನೇನು?"

ಅಜ್ಜಿ ತನ್ನ ಕಷಾಯದ ಲೋಟವನ್ನು ತುಟಿಯವರೆಗೆ ಎತ್ತಿ, ಕುಡಿಯದೆ ಮಡಿಲಿಗಿಳಿಸಿದಳು.

ಸ್ತಾಮೆನ್ ಅವಳನ್ನು ನೋಡಲಿಲ್ಲ. ಕಷಾಯ ಕುಡಿದ. ಆತುರಪಡುವುದು ಅವನ ಜಾಯಮಾನವಲ್ಲ. ಹೊಲದ ಮಣ್ಣು ಎಷ್ಟು ಹಸಿ ಇದೆ ಎಂದು ನೋಡದೆ ನೇಗಿಲು ಹೂಡಬಾರದೆಂದು ಅವನಪ್ಪ ಹೇಳುತ್ತಿದ್ದ.

"ಲ್ಯೂಬೆನ್, ನಿನ್ನೆ ಬೆಳಿಗ್ಗೆ ನಿನ್ನ ಅಂಗಳದಲ್ಲಿ ಮಾತು ತಗೊಂಡೆಯಾ? ಸೂಜಿ ಮಾತು?"

"ತಗೊಳ್ಳದೆ? ನನ್ನ ಮುತ್ತಜ್ಜನ ಕಾಲದಿಂದ ಬಂದಿದ್ದು."

ಸ್ತಾಮೆನನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹದಿನಾರರ ಹರೆಯದಲ್ಲಿ ತನ್ನೂರಿನಲ್ಲಿ ಅವನೂ ನಡುಗುತ್ತಾ ನಿಂತಿದ್ದ. ವೇಷವನ್ನು ಮೈಮೇಲೆ ಹೊಲಿದಾದ ಮೇಲೆ, ಮುಖವಾಡ ಇಳಿಸುವ ಮೊದಲು, ಮುಂದಾಳು ಒಬ್ಬೊಬ್ಬರ ಎದೆಯ ಮೇಲೆ ಅಂಗೈ ಇಟ್ಟು ಕೇಳುತ್ತಾನೆ: ಮೈಮೇಲೆ ಸೂಜಿ ಇದೆಯಾ? ಇಲ್ಲ ಎನ್ನಬೇಕು. ತೊಗಲಿನಲ್ಲಿ ಸೂಜಿ ಉಳಿದರೆ ಆ ವೇಷದೊಳಗೆ ಸಾವು ಬಂದು ಕೂರುತ್ತದೆ. ಸುಳ್ಳು ಹೇಳಿದರೆ ಹೇಳಿದವನನ್ನು ಬಿಟ್ಟು ಅವನ ಮನೆಯವರನ್ನು ಹಿಡಿಯುತ್ತದೆ. ದೊಡ್ಡವರು ಅರ್ಧ ನಗುತ್ತಾ ಹೇಳುವ ಮಾತು. ಮಕ್ಕಳು ನಗುವುದಿಲ್ಲ. ಈಚೆಗೆ ಗಂಡುಹುಡುಗರು ಸಾಲದೆ ಹೆಣ್ಣುಮಕ್ಕಳಿಗೂ ವೇಷ ಬಂದಿತ್ತು. ಜೊತೆಗೆ ಆ ಮಾತೂ ಬಂದಿತ್ತು.

"ನೆವೆನಾ ಏನಂದ್ಲು?"

"ಇಲ್ಲ ಅಂದ್ಲು."

"ಹೆದರಿಕೊಂಡು ಅಂದ್ಲಾ?"

"ಹೆದರಿಕೆ ಯಾಕೆ? ಹಲ್ಲು ಬಿಟ್ಕೊಂಡು, ಆ ಸಂದಿ ತೋರಿಸ್ಕೊಂಡು, ಗಟ್ಟಿಯಾಗಿ ಅಂದ್ಲು. ಊರಿಗೇ ಕೇಳೋ ಹಾಗೆ."

"ಹೂಂ." ಸ್ತಾಮೆನ್ ಲೋಟ ಕೆಳಗಿಟ್ಟ. "ಪೆನ್ನಿನೊಳಗೆ ಸೂಜಿ ಇದೆ ಅನ್ನೋದು ಅವಳಿಗೆ ಚೆನ್ನಾಗಿ ಗೊತ್ತು. ಇಸ್ಕ್ರಾ ಎಲ್ಲಾ ಹೇಳಿಕೊಟ್ಟಿದ್ದಾಳೆ. ಅದು ತೊಡೆಗೆ ತಾಗಿಕೊಂಡೇ ಇದೆ ಅಂತ ಗೊತ್ತಿದ್ದ ಮಗು, ಅಪ್ಪನ್ನ ಕಳಕೊಂಡ ಮಗು, 'ಸುಳ್ಳು ಹೇಳಿದ್ರೆ ಅಮ್ಮ ಸಾಯ್ತಾಳೆ' ಅಂತ ನಂಬಿರೋ ಮಗು, ಹಾಗೆ ನಗುನಗ್ತಾ ಇಲ್ಲ ಅನ್ನುತ್ತಾ?"

ಒಲೆಯೊಳಗೆ ಸೌದೆಯೊಂದು ಸಿಡಿಯಿತು.

"ಸೂಜಿ ಇಲ್ಲ ಅಂತ ಅವಳಿಗೆ ಖಾತ್ರಿ ಇತ್ತು. ಖಾತ್ರಿ ಮಾಡಿಕೊಟ್ಟೋರು ಯಾರು, ಚಿಕ್ಕಮ್ಮ?"

ರುಸ್ಕಾ ಅಜ್ಜಿ ಲೋಟವನ್ನು ಮೇಜಿನ ಮೇಲಿಟ್ಟಳು. ಎರಡೂ ಕೈಗಳನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ಹಬ್ಬದ ಹಿಂದಿನ ಸಾಯಂಕಾಲ ಬಂದ್ಲು" ಎಂದಳು. ದನಿ ಬಾವಿಯ ತಳದಿಂದ ಬಂದಂತಿತ್ತು. "ಇಸ್ಕ್ರಾ ಕೋಳಿ ಗೂಡು ಮುಚ್ಚೋಕೆ ಹೋಗಿದ್ಲು. ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ಲು. 'ಅಜ್ಜೀ, ನಾಳೆ ಲ್ಯೂಬೆನ್ ಮಾವಂಗೆ ನಾನು ಸುಳ್ಳು ಹೇಳ್ಬೇಕಾಗುತ್ತೆ. ಅಮ್ಮ ಸತ್ತುಹೋಗ್ತಾಳೆ' ಅಂತ."

"ಆಮೇಲೆ?"

"ಡ್ರಾಯರಿನಲ್ಲಿ ಇನ್ನೊಂದಿತ್ತು. ಅದನ್ನೇ ಹಿಡಿದು ಇಸ್ಕ್ರಾ ನಂಗೆ ಒತ್ತೋದು ಹೇಳಿಕೊಟ್ಟಿದ್ಲು, ಇದೇ ಮೇಜಿನ ಮುಂದೆ. 'ಹೆದರಬೇಡ ಅತ್ತೆ, ಇದ್ರಲ್ಲಿ ಸೂಜಿ ಇಲ್ಲ' ಅಂದಿದ್ಲು. ಸೂಜಿ ಇಲ್ಲ ಅಂದ್ಲೇ ಹೊರತು ಮದ್ದಿಲ್ಲ ಅನ್ನಲಿಲ್ಲ! ಅಂದಿದ್ರೂ ನನ್ನ ಕಿವೀಗೆ ಬೀಳಲಿಲ್ಲ. ಮಕ್ಕಳಿಗೆ ನೋವಾಗದ ಹಾಗೆ ಮಾಡಿರ್ತಾರೆ ಅಂದ್ಕೊಂಡೆ. ಈಗ ಏನೇನೋ ಬಂದಿದೆಯಲ್ಲ, ಸ್ತಾಮೆನ್... ಮೂಗಿಗೆ ಹೊಡೆಯೋದು, ಚರ್ಮಕ್ಕೆ ಅಂಟಿಸೋದು. ಅದು ಬಿಟ್ಟು ಇದು ಇಟ್ಟೆ. ಬೀಳದೆ ಇರ್ಲಿ ಅಂತ ಮೇಲಿಂದ ಹೊಲಿದೆ. ನನ್ನ ಕೈಯಾರೆ."

ಅವಳು ಅಳಲಿಲ್ಲ. ಅತ್ತಿದ್ದರೆ ಸ್ತಾಮೆನನಿಗೆ ಸುಲಭವಾಗುತ್ತಿತ್ತು.

ಇಸ್ಕ್ರಾ ಸುಳ್ಳು ಹೇಳಿರಲಿಲ್ಲ. ಆ ಒಂದು ಮಾತು ಅವನೊಳಗೆ ಮೆಲ್ಲಗೆ ಜಾಗ ಹಿಡಿದು ಕೂತಿತು. ನಾಳೆ ವಕೀಲನ ಮುಂದೆ ಇಡಲು ಅಷ್ಟು ಸಾಕು. ಆದರೆ ಒಬ್ಬ ಹೆಂಗಸಿನ ತಲೆಯ ಮೇಲಿದ್ದ ಕಲ್ಲನ್ನು ಇನ್ನೊಬ್ಬ ಹೆಂಗಸಿನ ತಲೆಗೆ ಇಟ್ಟಂತಾಯಿತಷ್ಟೇ.

"ಇದನ್ನ ನಿನ್ನೆಯೇ ಯಾಕೆ ಹೇಳಲಿಲ್ಲ?"

ಅಜ್ಜಿ ಕತ್ತೆತ್ತಿ ಲ್ಯೂಬೆನನನ್ನು ನೋಡಿದಳು. ಅವನು ಮೇಜಿನ ಮೇಲಿದ್ದ ಮಗುವಿನ ಮುಖವಾಡದ ಕೊಂಬನ್ನು ಸವರುತ್ತಾ ಕುಳಿತಿದ್ದ.

"ನಿಜವಾದ ಪೆನ್ನು ಎಲ್ಲಿ, ಚಿಕ್ಕಮ್ಮ?"

"ಮಗುವಿನ ಮದ್ದನ್ನ ಬಿಸಾಕೋಕೆ ನಂಗೇನು ತಲೆ ಕೆಟ್ಟಿದೆಯಾ?" ಅವಳ ದನಿ ಮೊದಲ ಬಾರಿಗೆ ಏರಿತು. "ಮುಂದಾಳು ವೇಷ ಹೊಲಿಸ್ಕೊಳ್ಳಲ್ಲ, ಕೋಟು ಹಾಕ್ತಾನೆ. ಕೋಟಿನಲ್ಲಿ ಸೂಜಿ ಇದ್ರೆ ದೋಷ ಇಲ್ಲ. ನಿನ್ನೆ ಬೆಳಿಗ್ಗೆ ಇದೇ ಬಾಗಿಲಲ್ಲಿ ನಿಂತು ಇವನ ಕೈಗೆ ಕೊಟ್ಟೆ. 'ಎದೆ ಜೇಬಲ್ಲಿ ಬೆಚ್ಚಗೆ ಇಟ್ಕೋ ಕಂದ, ಮಗು ಬಿಟ್ಟು ದೂರ ಹೋಗ್ಬೇಡ' ಅಂದೆ. ಹೂಂ ಅಂದ."

ಲ್ಯೂಬೆನ್ ಕೊಂಬಿನಿಂದ ಕೈ ತೆಗೆದ.

"ನಿನ್ನೆ ರಾತ್ರಿ ಬಂದು, 'ಬಾಯಿ ಬಿಟ್ರೆ ನಾವಿಬ್ರೂ ಜೈಲು. ಇಸ್ಕ್ರಾ ತಾಯಿ, ಅವಳನ್ನ ಬಿಟ್ಟುಬಿಡ್ತಾರೆ' ಅಂದೋನೂ ಇವನೇ."

ಹೊರಗೆ ಕಾಗೆಗಳು ಒಮ್ಮೆಲೇ ಎದ್ದು ಹಾರಿದವು.

"ನಿಜ" ಎಂದ ಲ್ಯೂಬೆನ್ ಕೊನೆಗೆ. ಆ ದೊಡ್ಡ ದೇಹ ಸ್ಟೂಲಿನ ಮೇಲೆ ಕುಸಿದಂತೆ ಕಂಡಿತು. "ನಿಜ, ಅಣ್ಣ. ನನ್ನ ಹತ್ರ ಇತ್ತು. ಮೊದಲು ಅದನ್ನೇ ತೆಗೆದೆ. ಕೈ ನಡುಗ್ತಾ ಇತ್ತು. ತಿರುಗಾ ಮುರುಗಾ ಹಿಡ್ಕೊಂಡುಬಿಟ್ಟೆ. ಸೂಜಿ ನನ್ನ ಹೆಬ್ಬೆರಳಿಗೇ ಹೊಕ್ಕಿತು. ಮದ್ದೆಲ್ಲಾ ನನ್ನ ಮೈಗೆ ಹೋಯ್ತು." ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ತೋರಿಸಿದ. "ಆಮೇಲೆ ತೊಗಲು ಸೀಳಿ ಇನ್ನೊಂದು ತೆಗೆದೆ. ಅದರಲ್ಲಿ ಏನೂ ಇರಲಿಲ್ಲ. ನಾಚಿಕೆ ಆಯ್ತು. ಧರ್ಮತಂದೆ ಅನ್ನಿಸ್ಕೊಂಡೋನು ನಾನು! ಖಾಲಿ ಪೆನ್ನನ್ನ ಹೊಳೆಗೆ ಎಸೆದೆ."

"ಥೂ" ಎಂದಳು ಅಜ್ಜಿ. "ಜೇನುಹುಳಕ್ಕೆ ಹೆದರದ ಕೈಗೆ ಒಂದು ಪೆನ್ನು ಹಿಡಿಯೋಕೆ ಬರಲಿಲ್ಲವೇನೋ? ನಿನ್ನ ನಾಚಿಕೆ ಮುಚ್ಚೋಕೆ ನನ್ನ ಸೊಸೆ ಮಾನ ಬೇಕಾಯ್ತಾ?"

ಅವನು ತಲೆ ತಗ್ಗಿಸಿದ.

ಎಲ್ಲವೂ ಹೊಂದಿಕೊಂಡಿತ್ತು. ಇಂಥ ತಪ್ಪು ಆಗುವುದುಂಟು ಎಂದು ಆಸ್ಪತ್ರೆಯ ಡಾಕ್ಟರೂ ಬೆಳಿಗ್ಗೆ ಮಾತಿನ ನಡುವೆ ಹೇಳಿದ್ದ. ಗಾಬರಿಯಲ್ಲಿ ಪೆನ್ನನ್ನು ತಲೆಕೆಳಗಾಗಿ ಹಿಡಿದು ಹೆಬ್ಬೆರಳಿಗೆ ಚುಚ್ಚಿಕೊಂಡವರಿದ್ದಾರೆ. ರಕ್ತ ಹರಿಯುವುದು ನಿಂತು ಬೆರಳು ಬೆಳ್ಳಗೆ, ತಣ್ಣಗೆ ಆಗುತ್ತದೆ. ಬಿಟ್ಟರೆ ಬೆರಳೇ ಹೋಗಬಹುದು.

ಅಕ್ರೋಟು ಮಗುವಿನ ಬಾಯಿಗೆ ಹೇಗೆ ಬಂತು ಎಂಬುದೊಂದು ಉಳಿಯಿತು. ಯಾವ ಮನೆಯವರೂ ಕೊಟ್ಟಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ. ಮಗುವೂ ತನ್ನ ಚೀಲದ ರೊಟ್ಟಿಯನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅದನ್ನು ನಾಳೆ ನೋಡೋಣವೆಂದು ಸ್ತಾಮೆನ್ ಎದ್ದ.

"ನಡಿ, ಗಾಡಿ ಹತ್ತು. ಮೊದಲು ಡಾಕ್ಟರಿಗೆ ಆ ಬೆರಳು ತೋರಿಸೋಣ."

"ಬೇಡ. ಈಗ ವಾಸಿಯಾಗಿದೆ."

"ಬೆರಳು ಕೊಳೆಯುತ್ತೆ ಕಣೋ. ಬಿಚ್ಚು, ನೋಡೋಣ."

"ಬೇಡ ಅಂದ್ನಲ್ಲ!"

ಆ ಕೂಗಿಗೆ ಅಡುಗೆಮನೆಯ ತಟ್ಟೆಗಳು ಸಣ್ಣಗೆ ಸದ್ದು ಮಾಡಿದವು. ಕೊಳೆಯುವ ಬೆರಳಿನ ಹೆದರಿಕೆ ಅಂಥ ಕೂಗು ಹಾಕಿಸುವುದಿಲ್ಲ. ಸ್ತಾಮೆನ್ ಮೆಲ್ಲಗೆ ಬಾಗಿಲಿಗೂ ಅವನಿಗೂ ನಡುವೆ ಬಂದು ನಿಂತ.

ಲ್ಯೂಬೆನನ ಕೈ ಹಿಡಿದವಳು ಅಜ್ಜಿ. ಕೋಪವಿದ್ದರೂ, ಗಾಯ ಎಂದ ಮೇಲೆ ಅವಳ ಬೆರಳುಗಳು ತಮ್ಮಷ್ಟಕ್ಕೆ ಕೆಲಸಕ್ಕೆ ಇಳಿದವು. "ಕೊಡು ಇಲ್ಲಿ. ಸಣ್ಣೋನಿದ್ದಾಗಿಂದ ನಿನ್ನ ಮುಳ್ಳು ತೆಗೆದೋಳು ನಾನು." ಅವನು ಕೈ ಎಳೆದುಕೊಳ್ಳಲು ನೋಡಿದ, ಆ ಮುದಿ ಹಿಡಿತದಿಂದ ಬಿಡಿಸಿಕೊಳ್ಳಲು ಅವಳನ್ನು ತಳ್ಳಬೇಕಾಗಿತ್ತು. ತಳ್ಳಲಿಲ್ಲ.

ಬಟ್ಟೆ ಸುತ್ತುಸುತ್ತಾಗಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

ಬೆರಳು ಬೆಳ್ಳಗಿರಲಿಲ್ಲ. ಕೆಂಪಗೆ, ಬಿಸಿಯಾಗಿ ಊದಿಕೊಂಡಿತ್ತು. ಸೂಜಿ ಹೊಕ್ಕ ತೂತು ಎಲ್ಲಿಯೂ ಇರಲಿಲ್ಲ. ಬೆರಳಿನ ಗೆಣ್ಣಿನ ಮೇಲೊಂದು, ಕೆಳಗೊಂದು, ಎರಡು ಸಣ್ಣ ಕಮಾನುಗಳು ಚರ್ಮಕ್ಕೆ ಆಳವಾಗಿ ಇಳಿದಿದ್ದವು.

ಹಲ್ಲಿನ ಗುರುತು. ಚಿಕ್ಕ ಹಲ್ಲುಗಳು.

ಅಜ್ಜಿ ಕಿಟಕಿಯ ಬೆಳಕಿಗೆ ಆ ಬೆರಳನ್ನು ಹಿಡಿದು ಬಾಗಿ ನೋಡಿದಳು, ಸೂಜಿಗೆ ದಾರ ಪೋಣಿಸುವಾಗ ನೋಡುವಂತೆ. ಮೇಲಿನ ಕಮಾನಿನ ನಟ್ಟನಡುವೆ ಒಂದು ಕಡೆ ಚರ್ಮ ಹಾಗೇ ಉಳಿದಿತ್ತು. ಒಂದು ಹಲ್ಲಿನಷ್ಟು ಜಾಗ.

ಅವಳು ಆ ಕೈಯನ್ನು ಬಿಡಲಿಲ್ಲ.

"ಮಗುವಿಗೆ ಜ್ಞಾನವೇ ಇರಲಿಲ್ಲ ಅಂದ್ಯಲ್ಲ, ಲ್ಯೂಬೆನ್" ಎಂದಳು ಪಿಸುದನಿಯಲ್ಲಿ. "ಮುಖ ಮುಟ್ಟಲೇ ಇಲ್ಲ ಅಂದ್ಯಲ್ಲ. ಹಾಗಾದ್ರೆ ನಿನ್ನ ಬೆರಳು ಅವಳ ಬಾಯೊಳಗೆ ಏನು ಮಾಡ್ತಾ ಇತ್ತು?"